ಬಲೂನಿಗೆ ಕ್ಷೌರ

ಫೆಬ್ರವರಿ 3, ಬೆಳಿಗ್ಗೆ ಏಳೂವರೆ

ಒಡೀತು. ಇವತ್ತಿನ ಬಲೂನೂ. ನೊರೆ ಕನ್ನಡಕದ ಮೇಲೆ, ಗೋಡೆ ಮೇಲೆ, ಹೆಂಡತಿಯ ಕಾಫಿ ಲೋಟದೊಳಗೆ. ಇವಳು ಬಟ್ಟೆ ತಂದು ಒರೆಸಿದಳು.

ಎಡಗೈಲಿ ದಿನಾ ನಾಲ್ಕು ಸಾಲು ಬರೀಬೇಕು ಅಂತ ಫಿಸಿಯೋ ಮೇಡಂ ಅಪ್ಪಣೆ. ಏನು ಬರೀಲಿ ಅಂದ್ರೆ, ಏನಾದ್ರೂ ಬರೀರಿ, ಯಾರೂ ಓದಲ್ಲ ಅಂದ್ರು. ಓದೋಕೆ ಆದ್ರೆ ತಾನೆ — ಬರೀ ಕಾಗೆಕಾಲು ಗುಬ್ಬಿಕಾಲು. ನಾಲ್ಕು ಸಾಲು ದಾಟಿತು. ಸಾಕು.

ಫೆಬ್ರವರಿ 6

ಅಕ್ಟೋಬರ್‌ನಲ್ಲಿ ಸ್ಟ್ರೋಕ್ ಆಗಿದ್ದು. ಸಲೂನಲ್ಲೇ, ಗಿರಾಕಿ ಕುತ್ತಿಗೆಗೆ ಬಟ್ಟೆ ಕಟ್ಟುವಾಗ. ಪುಣ್ಯಕ್ಕೆ ಕೈಲಿ ಕತ್ತಿ ಇರಲಿಲ್ಲ. ಬಲಗೈ ಈಗ ನನ್ನ ಜೊತೆ ಇದೆ ಅಷ್ಟೇ, ನನ್ನ ಮಾತು ಕೇಳಲ್ಲ. ಬಾಯಿ ಒಂದು ಕಡೆ ಜೋತಿದೆ. ಅಂಗಡಿ ತಮ್ಮ ನೋಡ್ಕೋತಿದಾನೆ.

ಅವತ್ತಿಂದ ಅಪ್ಪನ ಗಡ್ಡ ಹಾಗೇ ಬೆಳೀತಿದೆ. ಎಂಬತ್ತಮೂರು ವಯಸ್ಸು. ನನಗೂ ತಮ್ಮನಿಗೂ ಕೆಲಸ ಕಲಿಸಿದ ಕೈ. ಮೂವತ್ತು ವರ್ಷದಿಂದ ಭಾನುವಾರ ಬಂದ್ರೆ ನನ್ನ ಮುಂದೆ ಮುಖ ಒಡ್ಡಿ ಕೂರೋರು. ತಮ್ಮ ಕತ್ತಿ ಹಿಡಿದು ಬಂದ್ರೆ ಗೋಡೆ ಕಡೆ ತಿರುಗ್ತಾರೆ. “ದೊಡ್ಡವನು ಮಾಡ್ತಾನೆ.”

ಯಾವ ಕೈಲಿ ಮಾಡ್ಲಿ ಅಪ್ಪ ಅಂದೆ.

“ಇನ್ನೊಂದಿದ್ಯಲ್ಲ.”

ಫೆಬ್ರವರಿ 7

ಹಳೇ ಕಾನೂನನ್ನೂ ಅಪ್ಪನೇ ನೆನಪಿಸಿದ್ದು. ಹುಡುಗರಾಗಿದ್ದಾಗ ನಮ್ಮಿಬ್ಬರಿಗೂ ಇದೇ. ಬಲೂನಿಗೆ ನೊರೆ ಹಚ್ಚಿ, ಒಡೀದ ಹಾಗೆ ಕತ್ತಿಯಲ್ಲಿ ತೆಗೀಬೇಕು. ದಿನಕ್ಕೊಂದೇ. ಸಾಲಾಗಿ ಇಪ್ಪತ್ತು ಉಳಿದ್ರೆ, ಇಪ್ಪತ್ತೊಂದನೇದು ಅಪ್ಪನ ಮುಖ. ನಡುವೆ ಒಂದು ಒಡೆದ್ರೂ ಮತ್ತೆ ಒಂದರಿಂದ. ತಮ್ಮ ಎರಡೇ ತಿಂಗಳಲ್ಲಿ ಮುಗಿಸಿದ್ದ. ನನಗೆ ಐದು ತಿಂಗಳು ಹಿಡೀತು. ಅವನು ಅದನ್ನ ಇವತ್ತಿಗೂ ಮರೆತಿಲ್ಲ.

ನನ್ನ ಬಾಯಲ್ಲಿ ಗಾಳಿ ನಿಲ್ಲಲ್ಲ, ಸೋರುತ್ತೆ. ಅದಕ್ಕೆ ಊದೋದು ಇವಳು. ಇವತ್ತಿಂದೂ ಢಂ. ಕೆಲಸವಿಲ್ಲದ ಬಡಗಿ ಮಗುವಿನ ಅಂಡು ಕೆತ್ತಿದ್ನಂತೆ, ನಾನು ಬಲೂನು ಕೆರೀತಿದೀನಿ.

ಫೆಬ್ರವರಿ 14

ಉಳೀತು. ಕೆಂಪು ಬಲೂನು. ಕೈ ನಡುಗ್ತಾನೇ ಇತ್ತು, ಆದ್ರೂ ಉಳೀತು. ಅಪ್ಪ ಹಾಸಿಗೇಲಿ ಕೂತೇ ತಡವಿ ನೋಡಿದ್ರು, ಎಲ್ಲಾದ್ರೂ ನೊರೆ ಬಿಟ್ಟಿದೀನಾ ಅಂತ. ಬಿಟ್ಟಿದ್ದೆ. ಅದನ್ನೂ ತೆಗೆಸಿದ್ರು.

ಒಂದು.

ಫೆಬ್ರವರಿ 22

ಜ್ವರ. ಫಿಸಿಯೋ ಮೇಡಂ ಫೋನ್ ಮಾಡಿ ಇವತ್ತು ರೆಸ್ಟ್ ಅಂದ್ರು. ಹೂಂ ಅಂದು ಫೋನಿಟ್ಟು ಬಲೂನು ಮುಂದೆ ಕೂತೆ. ಒಂಬತ್ತು.

ಮಾರ್ಚ್ 3

ಹದಿನೆಂಟು! ನಾಳಿದ್ದು ಇಪ್ಪತ್ತು. ಮೊದಲಿನ ದಿನಗಳಿಗೂ ಇವತ್ತಿಗೂ ಅಜಗಜಾಂತರ. ಕನ್ನಡಿ ಮುಂದೆ ನಿಂತು ನನ್ನ ಸೊಟ್ಟ ಬಾಯಿ ನೋಡಿ ನಾನೇ ನಕ್ಕೆ. ನಗುವಾಗ ಅಷ್ಟೇನೂ ಸೊಟ್ಟ ಇಲ್ಲ. ಅಪ್ಪನ ಹಳೇ ಕತ್ತಿ ತೆಗೆದು ಒರೆಸಿಟ್ಟಿದೀನಿ.

ಮಾರ್ಚ್ 4

ತಮ್ಮ ಬಂದಿದ್ದ. ಇವಳು ಸ್ನಾನಕ್ಕೆ ಹೋಗಿದ್ಲು. ತಾ ಅಣ್ಣ, ನಾನೇ ಊದ್ತೀನಿ ಅಂದ. ಊದಿ, ಗಂಟು ಹಾಕಿ ಕೊಟ್ಟ. ಮುಟ್ಟಿದ ತಕ್ಷಣ ಗೊತ್ತಾಯ್ತು… ಇಷ್ಟು ದಿನ ನನ್ನ ಕೈಗೆ ಬಂದಿದ್ದು ಇದಲ್ಲ. ಇದು ಕಲ್ಲಿನ ಹಾಗೆ ಬಿಗಿ. ಕತ್ತಿ ಇಟ್ಟೆ. ಢಂ.

ಇವಳು ಒದ್ದೆ ತಲೇಲಿ ಓಡಿಬಂದ್ಲು. ಒಡೆದ ರಬ್ಬರ್ ನೋಡಿದ್ಲು, ನನ್ನ ನೋಡಿದ್ಲು. ತಲೆ ತಗ್ಗಿಸಿದ್ಲು. ಕೇಳೋದೇ ಬೇಕಾಗಲಿಲ್ಲ. ಹದಿನೆಂಟು ದಿನ ಅರ್ಧಂಬರ್ಧ ಊದಿ ಕೊಟ್ಟಿದಾಳೆ. ಒಡೀಬಾರದು ಅಂತ.

ಎಲ್ಲಾ ಬಣ್ಣ ಮಸಿ ನುಂಗ್ತು.

ಮಾರ್ಚ್ 16

ಹನ್ನೆರಡು ದಿನ ಒಂದಕ್ಷರ ಬರೀಲಿಲ್ಲ. ಕತ್ತಿ ಮುಟ್ಟಲಿಲ್ಲ. ಇವಳ ಹತ್ತಿರ ಬೇಕಿದ್ದಕ್ಕಷ್ಟೇ ಮಾತು — ನೀರು ಕೊಡು, ಫ್ಯಾನ್ ಹಾಕು.

ಇವತ್ತು ಇವಳೇ ಎದುರು ಬಂದು ಕೂತ್ಲು. ತಪ್ಪಾಯ್ತು ಅಂತಾಳೆ ಅಂದ್ಕೊಂಡಿದ್ದೆ. ಅನ್ನಲಿಲ್ಲ. “ದಿನಾ ಒಡೆದ ಮೇಲೆ ಮುಖ ಸಣ್ಣ ಮಾಡ್ಕೊಂಡು ಎದ್ದು ಹೋಗ್ತಿದ್ರಿ. ಒಂದಿನ ಎದ್ದು ಹೋದೋರು ಮತ್ತೆ ಬಂದು ಕೂರದೇ ಇದ್ರೆ ಅಂತ ಭಯ ಆಯ್ತು. ಅದಕ್ಕೇ ಮಾಡ್ದೆ.”

ಹನ್ನೆರಡು ದಿನದಿಂದ ನಾನು ಮಾಡ್ತಿರೋದು ಅದನ್ನೇ ಅಲ್ವಾ.

ಅಪ್ಪ ಹಾಸಿಗೇಲಿ ನಿದ್ದೆ ಮಾಡೋ ಹಾಗೆ ಮಲಗಿದ್ರು. ಎಲ್ಲಾ ಕೇಳಿಸ್ಕೊಂಡಿದಾರೆ. ಕಣ್ಣು ಬಿಡದೆ ಹೇಳಿದ್ರು, “ಬಲೂನು ಸುಳ್ಳಾಯ್ತು, ಸರಿ. ಹದಿನೆಂಟು ದಿನ ಕೂತಿದ್ಯಲ್ಲ, ಅದೂ ಸುಳ್ಳಾ?”

ಮಾರ್ಚ್ 17

ಒಂದರಿಂದ. ಈ ಸಲ ನಾನೇ ಊದ್ತೀನಿ ಅಂತ ಹೇಳ್ಬಿಟ್ಟೆ. ಇವಳು ಆಗಲ್ಲ ಅನ್ನಲಿಲ್ಲ, ಪೊಟ್ಟಣ ನನ್ನ ಮುಂದಿಟ್ಟು ಹೋದ್ಲು. ಅರ್ಧ ಗಂಟೆ ಊದಿದೆ. ಎಂಜಲು ಎದೆ ಮೇಲೆ ಸುರೀತು, ಬಲೂನು ಮಿಸುಕಾಡಲಿಲ್ಲ. ಫಿಸಿಯೋ ಮೇಡಂಗೆ ಮಾತ್ರ ಖುಷಿ, ಬಾಯಿಗೆ ಇದಕ್ಕಿಂತ ಒಳ್ಳೇ ಎಕ್ಸರ್‌ಸೈಜ್ ಇಲ್ವಂತೆ.

ಮಾರ್ಚ್ 25

ನಿಂಬೆಹಣ್ಣಿನಷ್ಟು ಆಯ್ತು. ಗಂಟು ಹಾಕೋಷ್ಟರಲ್ಲಿ ಪುಸ್ ಅಂತು.

ಏಪ್ರಿಲ್ 2

ಪೂರ್ತಿ ಊದಿದೆ. ಬೆರಳಿಂದ ಬಾರಿಸಿದ್ರೆ ಟಣ್ ಅನ್ನೋ ಹಾಗೆ. ಗಂಟು ಮಾತ್ರ ಇವಳು ಹಾಕಿಕೊಟ್ಲು, ಒಂದು ಕೈಲಿ ಆಗಲ್ಲ. ಕತ್ತಿ ಇಟ್ಟೆ, ಒಡೀತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಕಣೇ ಅಂದೆ. ಎಷ್ಟು ದಿನ ಆಗಿತ್ತು ಹೀಗೆ ನಕ್ಕು.

ಏಪ್ರಿಲ್ 11

ನಾಲ್ಕಕ್ಕೆ ಬಂದು ಒಡೀತು. ಬೇಜಾರಾಯ್ತು. ಬರೀತೀನಿ, ಬೇಜಾರಾಯ್ತು. ಅಪ್ಪ ಈಗ ಕಡಿಮೆ ಉಣ್ತಾರೆ. ಮುಂಚಿನ ಹಾಗೆ ಜಾಸ್ತಿ ಹೊತ್ತು ಕೂರೋಕಾಗಲ್ಲ. ನಾನು ಇಪ್ಪತ್ತು ಮುಟ್ಟೋವರೆಗೆ ಕಾಯ್ತಾರಾ? ಈ ಪ್ರಶ್ನೆ ಯಾರನ್ನೂ ಕೇಳಿಲ್ಲ. ಇಲ್ಲಿ ಮಾತ್ರ.

ಏಪ್ರಿಲ್ 19

ಒಂದು.

ಏಪ್ರಿಲ್ 30

ಹನ್ನೆರಡು. ಅಪ್ಪ ಸೋಪಿನ ವಾಸನೆಗೇ ಎಚ್ಚರ ಆಗ್ತಾರೆ. ಎಷ್ಟಾಯ್ತು ಅಂತ ಬೆರಳಲ್ಲೇ ಕೇಳ್ತಾರೆ.

ಮೇ 8

ಇಪ್ಪತ್ತು. ತಮ್ಮ ಅಂಗಡಿ ಬಾಗಿಲು ಹಾಕಿ ನೋಡೋಕೇ ಬಂದಿದ್ದ. ಬಲೂನು ತಾನೇ ಊದಿದ, ಮೋಸ ಆಗಬಾರದಲ್ಲ. ಹೋಗುವಾಗ ನನ್ನ ಎಡಗೈ ಹಿಡಿದು ಒಂದು ಸಲ ಅದುಮಿ ಹೋದ.

ಮೇ 9, ಸಂಜೆ ಐದು

ಮಾಡ್ದೆ.

ಬೆಳಿಗ್ಗೆ ತಮ್ಮ ಮಷಿನ್ ಹಾಕಿ ಗಡ್ಡ ಇಳಿಸಿಕೊಟ್ಟ. ಅದಕ್ಕೆ ಅಪ್ಪ ಒಪ್ಪಿದ್ರು, ಆದ್ರೆ ಕತ್ತಿ ಮುಟ್ಟಬಾರದು ಅಂತ ಕರಾರು. ದಿಂಬು ಒರಗಿಸಿ ಕೂರಿಸಿದ್ವಿ. ನೊರೆ ಹಚ್ಚಿದೆ. ಎಡಗೆನ್ನೆಯಿಂದ ಶುರು.

ಕತ್ತಿ ಇಟ್ಟ ಮೇಲೆ ಗೊತ್ತಾಯ್ತು. ಹಲ್ಲಿಲ್ಲದ ಕೆನ್ನೆ, ಒಳಗೆ ಹೋಗಿದೆ. ಚರ್ಮ ಜೋತಿದೆ, ಬಲಗೈ ಇಲ್ಲದೆ ಎಳೆದು ಹಿಡಿಯೋಕಾಗಲ್ಲ. ಬಿಗಿ ಬಲೂನಿಗೆ ಪಳಗಿದ ಕೈ ತಡವರಿಸ್ತು. ಬೆವರು ಬಂತು. ಅಪ್ಪ ಕಣ್ಣು ಮುಚ್ಚೇ ಇದ್ರು. ಕೆನ್ನೆಗೆ ಗಾಳಿ ತುಂಬಿ ಉಬ್ಬಿಸಿದ್ರು. ಆ ಜೀವಕ್ಕೆ ಎಷ್ಟಾಗುತ್ತೋ ಅಷ್ಟೇ, ಅರ್ಧಂಬರ್ಧ.

ಆ ಹದ ನನಗೆ ಗೊತ್ತಿತ್ತು. ಹದಿನೆಂಟು ದಿನ ಇವಳು ಊದಿ ಕೊಟ್ಟ ಹದ. ಕೈಗೆ ತಾನಾಗೇ ನೆನಪಾಯ್ತು.

ಒಂದು ಕೆನ್ನೆ ಮುಗಿಯೋಷ್ಟರಲ್ಲಿ ಮುಕ್ಕಾಲು ಗಂಟೆ. ಕಿವಿ ಹತ್ತಿರ ಒಂದು ಚಿಕ್ಕ ಗೀರು, ಪಟಿಕದ ಕಲ್ಲು ಉಜ್ಜಿದೆ. ಆಮೇಲೆ ಕೈ ನಡುಗೋಕೆ ಶುರುವಾಗಿ ನಿಲ್ಲಲೇ ಇಲ್ಲ. ಅರ್ಧ ಕ್ಷೌರಕ್ಕೆ ಗಿರಾಕೀನ ಎಬ್ಬಿಸೋದು ನಮ್ಮ ಕಸುಬಲ್ಲಿ ಮಹಾ ಅವಮಾನ. ಉಳಿದದ್ದು ಇವನು ಮುಗಿಸಲಿ ಅಪ್ಪ ಅಂದೆ. ತಮ್ಮ ಮುಂದೆ ಬಂದ. ಅಪ್ಪ ಟವೆಲ್‌ನಿಂದ ನೊರೆ ತಾವೇ ಒರೆಸಿಕೊಂಡ್ರು.

“ದೊಡ್ಡವನು ನಾಳೆ ಮಾಡ್ತಾನೆ.”

ಮಧ್ಯಾಹ್ನ ಪಕ್ಕದ ಮನೆಯವರು ನೋಡೋಕೆ ಬಂದ್ರು. ಅಪ್ಪ ಅವರ ಮುಂದೆ ಆ ಮುಖ ಹಾಗೇ ಇಟ್ಕೊಂಡು ಕೂತಿದ್ರು, ಒಂದು ಕಡೆ ನುಣುಪು, ಒಂದು ಕಡೆ ಬಿಳಿ ಕೂಳೆ. ಅವರು ನಗು ತಡೀತಿದ್ರು. ಅಪ್ಪನಿಗೆ ಕಿಂಚಿತ್ತೂ ನಾಚಿಕೆ ಇಲ್ಲ. ನೋಡಿ, ನೋಡಿ ಅಂತ ನುಣುಪು ಕೆನ್ನೆ ತಿರುಗಿಸಿ ತೋರಿಸಿದ್ರು. ನಾನು ಅಡುಗೆಮನೆಗೆ ಹೋಗಿ ಅತ್ತೆ. ಬಲೂನಿನ ಹದದ ವಿಷಯ ಇವಳಿಗೆ ಅಲ್ಲೇ ಹೇಳಿದೆ. ಇವಳು ಕೇಳಿ, ಇನ್ನು ಮೇಲೆ ನನ್ನ ಬೈಬೇಡಿ ಅಂದ್ಲು. ಇವಳೂ ಕಣ್ಣು ಒರೆಸಿಕೊಂಡ್ಲು.

ಮೇ 10, ಬೆಳಿಗ್ಗೆ ಏಳು

ಕೈ ಇವತ್ತು ಹಗುರ. ಅಕ್ಷರವೂ ಸಾಲಿನ ಮೇಲೆ ಕೂರ್ತಿದೆ. ಇವಳು ಬಿಸಿನೀರು ಇಟ್ಟಿದಾಳೆ. ಅಪ್ಪ ಆಗ್ಲೇ ಎದ್ದು ಒರಗಿ ಕೂತಿದಾರೆ, ಬಾಗಿಲಿಂದ ಕಾಣ್ತಿದೆ. ಕತ್ತಿ ಇನ್ನೂ ಡಬ್ಬಿಯಲ್ಲೇ ಇದೆ, ಈ ಮನುಷ್ಯ ಆಗ್ಲೇ ಬಲಗೆನ್ನೆ ಉಬ್ಬಿಸಿಕೊಂಡು ಕಾಯ್ತಿದಾರೆ. ನಾಲ್ಕು ಸಾಲು ಆಯ್ತೋ ಇಲ್ವೋ, ಅಪ್ಪನ ಕೆನ್ನೆ ಇಳಿಯೋಕೆ ಮುಂಚೆ ಹೋಗಿ…