ದಿಂಬಿನ ಕೆಳಗುಳಿದ ಹದಿನಾರು ಪುಟ

ಬೈಂಡಿಂಗ್ ಅಂಗಡಿಯಿಂದ,
ಸೋಮವಾರ, ಹನ್ನೆರಡನೇ ತಾರೀಖು

ಮುದ್ದು ಮಗಳೇ,

ಹೇಗಿದ್ದೀಯಮ್ಮ? ನೆಗಡಿ ಇಳಿಯಿತೇ? ಅಳಿಯಂದಿರ ಬೆನ್ನುನೋವು ಹೇಗಿದೆ? ಭಾರ ಎತ್ತಬೇಡಿ ಎಂದು ನಾನು ಹೇಳಿದೆನೆಂದು ಹೇಳು. ನಿನ್ನ ಮಾತು ಕೇಳದಿದ್ದರೂ ಮಾವನ ಮಾತಿಗೆ ಇನ್ನೂ ಸ್ವಲ್ಪ ಬೆಲೆ ಇದೆ ಎಂದುಕೊಂಡಿದ್ದೇನೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ, ಬೈಯಬೇಡ.

ಸಮಾಚಾರ ಏನೆಂದರೆ, ನಿನ್ನ ಅಪ್ಪ ಒಂದು ಇಡೀ ಕಾದಂಬರಿ ಓದಿದ. ನಗಬೇಡ. ನಮ್ಮ ಲೈಬ್ರರಿ ಮೇಡಂ ಗೊತ್ತಲ್ಲ, ಮದುವೆಯ ಗೋಜಿಗೇ ಹೋಗದೆ ಪುಸ್ತಕಗಳ ಜೊತೆಯಲ್ಲೇ ಸಂಸಾರ ಮಾಡಿದವರು, ಅವರು ಒಂದು ಹರಿದ ಪುಸ್ತಕ ತಂದುಕೊಟ್ಟರು. ಹಳೇ ಕಾಲದ ವಿಧವೆ ರಾಣಿಗೂ ಅವಳ ಕುದುರೆ ಪಳಗಿಸುವವನಿಗೂ ಪ್ರೀತಿ ಹುಟ್ಟುವ ಕಥೆ. ಅದರ ಸಿನಿಮಾ ಬರುತ್ತದೆಂದು ಅರ್ಧ ಊರು ಓದಿ ಪುಸ್ತಕದ ಬೆನ್ನು ಮುರಿದಿತ್ತು, ಮೇಡಂಗೇ ಇನ್ನೂ ಸರದಿ ಬಂದಿರಲಿಲ್ಲ. ಕೊಟ್ಟು ಹೊರಟವರು ಬಾಗಿಲಲ್ಲಿ ನಿಂತು, "ಇಷ್ಟು ವರ್ಷ ಪುಸ್ತಕದ ಬೆನ್ನು ಕಟ್ಟಿದೀರಿ, ಹೊಟ್ಟೆಯಲ್ಲಿ ಏನಿದೆ ಅಂತ ಒಂದು ದಿನವಾದ್ರೂ ನೋಡಿದೀರಾ? ಇದನ್ನ ಓದಿ, ಸಿನಿಮಾಗೆ ಒಟ್ಟಿಗೆ ಹೋಗೋಣ. ಓದದೆ ಬರೋರನ್ನ ನಾನು ಪಕ್ಕದಲ್ಲಿ ಕೂರಿಸ್ಕೊಳಲ್ಲ," ಎಂದರು. ನಿನ್ನ ಹತ್ತಿರ ಮುಚ್ಚುಮರೆ ಯಾಕೆ, ಅವರ ಪಕ್ಕದಲ್ಲಿ ಕೂರಬೇಕೆಂದು ನನಗೆ ಬಹಳ ಆಸೆಯಾಯಿತು. ನಿಮ್ಮಮ್ಮ ಹೋದ ಮೇಲೆ ಹಾಗೆ ಆಸೆಯಾದದ್ದು ಇದೇ ಮೊದಲು. ಅವರ ಕಣ್ಣಿಗೆ ದಡ್ಡನಾಗಿ ಕಾಣಬಾರದು ಎಂಬುದೊಂದೇ ಚಿಂತೆ.

ಹೊಲಿಗೆ ಬಿಚ್ಚಿ, ಹದಿನಾರು ಹದಿನಾರು ಪುಟ ಸೇರಿಸಿ ಮಡಚಿದ ಮಡಿಕೆಗಳನ್ನು ಬೇರೆ ಬೇರೆ ಮಾಡಿದೆ. ಊಟವಾದ ಮೇಲೆ ಒಂದೊಂದೇ ಮಡಿಕೆ ಹಿಡಿದು ಮಂಚದ ಮೇಲೆ ಉರುಳುತ್ತಿದ್ದೆ. ಮೊದಲೆರಡಕ್ಕೆ ಸೊಗಸಾದ ನಿದ್ದೆ ಬಂತು. ಮೂರನೆಯದರಲ್ಲಿ ರಾಣಿ ಕುದುರೆಯವನನ್ನು ಗದರಿಸಿದಳು ನೋಡು, ಅಲ್ಲಿಂದ ನಿದ್ದೆ ಎಲ್ಲಿ ಬಂತು? ಅಂಟು ಒಣಗಿಹೋದದ್ದೂ ತಿಳಿಯಲಿಲ್ಲ. ಮುಗಿಸಿ, ಹೊಲಿದು, ಹೊಸ ರಟ್ಟು ಹಾಕಿ ಕೊಟ್ಟೆ. ಮೇಡಂ ಮೊದಲು ತಾವೇ ಓದಿದರು, ಆಮೇಲೆ ಉಳಿದ ಅರ್ಧ ಊರು ಓದಿತು. ಔಷಧಿ ಅಂಗಡಿಯವನಂತೂ, "ಏನು ಮರ್ಯಾದಸ್ಥ ಲೇಖಕ ರೀ, ಇಬ್ಬರೂ ಜಗಳ ಆಡ್ತಿರ್ತಾರೆ, ಪುಟ ತಿರುಗಿಸಿದ್ರೆ ಸಂಸಾರ ಮಾಡ್ತಿರ್ತಾರೆ. ಮಧ್ಯದ್ದನ್ನ ನಮಗೇ ಬಿಟ್ಟಿದಾನೆ," ಎಂದು ಹೊಗಳಿದ. ಇವನೇನೋ ಓದುವಾಗ ತೂಕಡಿಸಿರಬೇಕು ಎಂದುಕೊಂಡೆ.

ಶನಿವಾರ ಸಿನಿಮಾಗೆ ಹೋದೆವು. ಇಸ್ತ್ರಿ ಮಾಡಿದ ಅಂಗಿಯನ್ನೇ ಹಾಕಿದ್ದೆ. ಕೋಟೆ ಕಳೆದುಕೊಂಡ ರಾಣಿ ಹೊಳೆಯ ದಡಕ್ಕೆ ಬಂದು, ನನ್ನ ಜೊತೆ ಇರುತ್ತೀಯಾ ಎಂದು ಅವನನ್ನು ಕೇಳುವ ಜಾಗ ಬಂತು. ಮೇಡಂ ಸಿಡುಕಿದರು. "ನೋಡಿ, ಇಲ್ಲದ್ದನ್ನೆಲ್ಲ ಸೇರಿಸ್ತಾರೆ ಈ ಸಿನಿಮಾದವರು." ನಾನು ಯೋಚನೆಯೇ ಮಾಡದೆ, "ಪುಸ್ತಕದಲ್ಲೇ ಇದೆಯಲ್ಲ, ನಾಲ್ಕು ಸಲ ಓದಿದೀನಿ," ಎಂದುಬಿಟ್ಟೆ. "ಯಾವ ಪುಸ್ತಕದಲ್ಲಿ?" ಎಂದರು. ಆಗ ನೆನಪಾಯಿತು. ಆ ಜಾಗವಿದ್ದ ಮಡಿಕೆಯನ್ನು ಮತ್ತೆ ಮತ್ತೆ ಓದುತ್ತಾ ದಿಂಬಿನ ಕೆಳಗೇ ಇಟ್ಟುಕೊಂಡಿದ್ದೆ. ಅದನ್ನು ಬಿಟ್ಟೇ ಪುಸ್ತಕ ಹೊಲಿದಿದ್ದೆ. ನನ್ನ ಕೈಯಿಂದ ಇಂಥ ಕೆಲಸ ಹಿಂದೆಂದೂ ಆಗಿರಲಿಲ್ಲ.

ನಿನ್ನೆ ಪುಸ್ತಕ ಹಿಡಿದು ಅಂಗಡಿಗೆ ಬಂದರು. ಮಾನ ಹೋಯಿತು ಎಂದುಕೊಂಡೇ ಮಡಿಕೆ ಕೊಟ್ಟೆ. ನಿಂತಲ್ಲೇ ಓದಿ ಮುಗಿಸಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅಷ್ಟೂ ಪುಸ್ತಕದಲ್ಲಿ ಇದೇ ಯಾಕೆ ನಿಮ್ಮ ಹತ್ತಿರ ಉಳೀತು?" ಎಂದು ಕೇಳಿದರು. ನಾನು ಸೂಜಿಗೆ ದಾರ ಪೋಣಿಸುವ ನೆವದಲ್ಲಿ ತಲೆ ಬಗ್ಗಿಸಿದೆ. ಈ ವಯಸ್ಸಿನಲ್ಲಿ ಕಿವಿ ಕೆಂಪಾಗುವುದು ಎಂಥ ಅವಸ್ಥೆ ಹೇಳು.

ಸರಿ, ಕೆಲಸ ಕಾಯುತ್ತಿದೆ. ಅಳಿಯಂದಿರಿಗೆ ಕೇಳಿದೆನೆಂದು ತಿಳಿಸು. ನೀವಿಬ್ಬರೂ ನೂರು ಕಾಲ ಹೀಗೇ ಜಗಳವಾಡುತ್ತಾ ಚೆನ್ನಾಗಿರಿ.

ನಿನ್ನ
ಅಪ್ಪ

ಮರೆತಿದ್ದೆ: ತಲೆ ಬಗ್ಗಿಸಿದ್ದು ಒಂದು ನಿಮಿಷ ಮಾತ್ರ. ಆಮೇಲೆ ರಾಣಿ ಕೇಳಿದ್ದನ್ನು ನಾನೂ ಕೇಳಿಬಿಟ್ಟೆ. "ಮೊದಲು ಮಗಳನ್ನ ಕೇಳಿ. ಅವಳು ಬೇಡ ಅಂದ್ರೆ ನಾನೂ ಬೇಡ ಅಂತೀನಿ," ಎಂದರು. ಅವಳು ಹೂಂ ಅಂದರೆ ಏನು ಅನ್ನುತ್ತೀರಿ ಎಂದು ಕೇಳಿದೆ, ಅದನ್ನು ಹೇಳುತ್ತಿಲ್ಲ. ಈ ಕಾಗದವನ್ನು ತಾವೇ ಅಂಚೆಗೆ ಹಾಕುತ್ತೇನೆಂದು ಬಂದು ಎದುರಿಗೇ ಕೂತಿದ್ದಾರೆ, ಮೂರು ಸಲ ಗಡಿಯಾರ ನೋಡಿದರು. ಬೇಗ ಬರೆಯಮ್ಮ.