ಕಿರೀಟ ಹಿಡಿಯೋರ ಷೇರು

ಸೆಪ್ಟೆಂಬರ್ 8, 1999. ಕಾರ್ದಿತ್ಸಾ

ಪಾರ್ಲರಲ್ಲಿ ಬೆಳಿಗ್ಗೆಯಿಂದ ಮೂರು ತಲೆಗೆ ಬಣ್ಣ, ಎರಡಕ್ಕೆ ಗುಂಗುರು. ಡ್ರೈಯರ್ ಕೆಳಗೆ ಕೂತವರದ್ದೆಲ್ಲ ಒಂದೇ ಮಾತು — ಷೇರು. ಪಾದ್ರಿ ಹೆಂಡತೀನೂ ಬಿಟ್ಟಿಲ್ಲ.

ನಮ್ಮ ದುಡ್ಡು ಪೂರ್ತಿ ನೂಲಿನ ಗಿರಣಿ ಷೇರಿನ ಮೇಲೇ. ನನ್ನ ತವರಿನ ಸೈಟು, ಮಗಳು ಮೆಲ್ಪೋ ಮದುವೆಗೆ ಮನೆ ಕಟ್ಟಿಸಿ ಕೊಡೋಕೆ ಅಂತ ಇಟ್ಟಿದ್ದು, ವಸಂತದಲ್ಲಿ ಮಾರಿ ನನ್ನ ಹೆಸರಲ್ಲಿ ತಗೊಂಡ್ವಿ. ಅರ್ಧ ಬೇರೆ ಕಡೆ ಹಾಕೋಣ ಅಂದಿದ್ದೆ. ನನ್ನ ಗಂಡ ಥೀಮಿಯೋಸ್‌ಗೆ ಸಿಟ್ಟು. "ಮದುವೆಗೆ ಮುಂಚಿಂದ ಆ ಗಿರಣೀಲಿ ದುಡೀತಿದೀನಿ. ಗೊತ್ತಿರೋದು ಬಿಟ್ಟು ಗುರುತಿಲ್ಲದ ಕಂಪನಿಗೆ ಸುರೀಲಾ?"

ಸಂಬಳಾನೂ ಅಲ್ಲಿಂದ, ಉಳಿತಾಯಾನೂ ಅಲ್ಲೇ. ಇರಲಿ. ಮೂರು ಪಟ್ಟು ಆಗಿದೆ.

ಸೆಪ್ಟೆಂಬರ್ 20

ನಾಲ್ಕು ಪಟ್ಟು. ಮಾರೋಣ, ಮನೆ ಎಬ್ಬಿಸೋಣ ಅಂದೆ.

"ಲಾಂಬ್ರೋಸ್ ಸಾಹುಕಾರ್ರು ನಮ್ಮ ಕೂಸಿಗೆ ದೀಕ್ಷಾಸ್ನಾನ ಮಾಡಿಸಿ ಹೆಸರಿಟ್ಟೋರು ಕಣೇ. ಪದ್ಧತಿ ಪ್ರಕಾರ ನಾಳೆ ಮದುವೇಲಿ ಅವಳ ತಲೆ ಮೇಲೆ ಕಿರೀಟ ಹಿಡಿಯೋರೂ ಅವರೇ. ಅವರ ಗಿರಣಿ ಷೇರು ಮಾರಿ, ಯಾವ ಮುಖ ಇಟ್ಕೊಂಡು ಮದುವೆಗೆ ಕರೀತೀಯಾ?"

ನಿಜ. ಊರಿಗೆಲ್ಲ ಇರೋದು ಒಂದೇ ಬ್ರೋಕರ್ ಆಫೀಸು. ಬೆಳಿಗ್ಗೆ ಮಾರಿದ್ರೆ ಮಧ್ಯಾಹ್ನದೊಳಗೆ ಅವರ ಕಿವಿಗೆ ಬಿದ್ದಿರುತ್ತೆ. ಸರಿ. ಮದುವೆ ಮುಗೀಲಿ, ಆಮೇಲೆ ಮಾರೋದು.

ನವೆಂಬರ್ 2

ಬೀಗಿತ್ತಿ ಫೋನು. ಕ್ರಿಸ್ಮಸ್ ಒಳಗೆ ಮದುವೆ ಹಾಲ್ ಎಲ್ಲೂ ಖಾಲಿ ಇಲ್ಲವಂತೆ. ಮುಂದಿನ ವರ್ಷ ಮಾಡೋಣ್ವಾ ಅಂದೆ. "ಅಯ್ಯೋ, ಫೆಬ್ರವರಿಗೆ ಒಂದು ದಿನ ಜಾಸ್ತಿ ಇರೋ ವರ್ಷ. ಅದರಲ್ಲಿ ಮದುವೆ ಆದೋರು ಬಾಳ್ತಾರಾ?"

ಅಂದ್ರೆ 2001. ಮುದುಕಿ ಶಾಸ್ತ್ರ ಅಂತ ನಕ್ಕೆ. ಪಾತ್ರೆ ತೊಳೀತಾ ಹೊಳೀತು — ಹಾಗಾದ್ರೆ ಷೇರೂ ಅಲ್ಲೀತನಕ...

ದಿನಾ ಇಳೀತಿದೆ.

ಜನವರಿ 20, 2000

ಥೀಮಿಯೋಸ್ ಹೆಸರಿನ ಸಂತನ ಹಬ್ಬ. ಮನೆ ತುಂಬ ಜನ. ಸಾಹುಕಾರ್ರೂ ಬಂದ್ರು, ದೊಡ್ಡ ಕೇಕು ಹಿಡ್ಕೊಂಡು. ಷೇರು ಅರ್ಧಕ್ಕಿಂತ ಕೆಳಗಿದೆ. ಗ್ಲಾಸ್ ಎತ್ತಿದ್ದೇ ಎತ್ತಿದ್ದು.

ಹೋಗೋವಾಗ ನನ್ನ ಭುಜ ತಟ್ಟಿ, "ತಾಳ್ಮೆ ಇರಲಮ್ಮ, ನಾನಿಲ್ವಾ?" ಅಂದ್ರು. ಸಿಟ್ಟು ನೆತ್ತಿಗೇರ್ತು. ಕೋಟು ತಂದು ಕೊಟ್ಟೆ.

ಮಾರ್ಚ್ 14

ಎರಡು ವಾರದಿಂದ ಷೇರು ಲಾಕ್. ದಿನಕ್ಕೆ ಇಂತಿಷ್ಟಕ್ಕಿಂತ ಜಾಸ್ತಿ ಇಳೀಬಾರ್ದು ಅಂತ ಆಥೆನ್ಸಿನ ಷೇರುಪೇಟೆ ನಿಯಮ. ಬೆಳಿಗ್ಗೆ ತೆರೀತಿದ್ದಂಗೇ ಅಷ್ಟೂ ಇಳಿದು ಕೂತುಬಿಡುತ್ತೆ. ಮಾರೋರ ಸಾಲು ಬೀದಿಯುದ್ದ, ಕೊಳ್ಳೋನು ಒಬ್ಬನೂ ಇಲ್ಲ.

ಮುಖ ಕೆಡೋದಾದ್ರೆ ಕೆಡಲಿ. ಬ್ರೋಕರ್ ಸ್ಟೆರ್ಯೋಸ್ ಹತ್ರ ಹೋಗಿ, ಎಲ್ಲಾ ಮಾರೋಕೆ ಸಹಿ ಹಾಕಿ ಬಂದೆ. ದಿನಾ ನನ್ನ ಆರ್ಡರ್ ಸಾಲಲ್ಲಿ ಮೊದಲೇ ನಿಲ್ಲಿಸ್ತಾನಂತೆ.

"ನನ್ನ ಗಂಡನ ಕಿವಿಗೆ ಬೀಳಬಾರದು."

"ಯಾರ ಆರ್ಡರೂ ಯಾರಿಗೂ ಹೇಳಲ್ಲ, ಅಕ್ಕ. ಹೇಳಿದ್ರೆ ನನ್ನ ಲೈಸೆನ್ಸ್ ಹೋಗುತ್ತೆ."

ಮಾರ್ಚ್ 28, ಮಧ್ಯಾಹ್ನ

ಮಾರಿ ಹೋಯ್ತು! ಲಾಕ್ ತೆರೀತು, ಹತ್ತು ನಿಮಿಷ ಅಷ್ಟೇ. ಸ್ಟೆರ್ಯೋಸ್ ಫೋನ್ ಮಾಡ್ದಾಗ ಕೈಯೆಲ್ಲ ಬಣ್ಣ. ಗಿರಾಕಿ ತಲೆ ಹಾಗೇ ಬಿಟ್ಟು ಹಿಂದಿನ ಕೋಣೇಲಿ ಕೂತು ಅತ್ತೆ.

ಕೈಗೆ ಬರೋದು ಸೈಟಿನ ಬೆಲೆಯ ಕಾಲು ಭಾಗ. ಆದ್ರೂ ನಮ್ಮ ಮನೆ ಮಾಳಿಗೆ ಮೇಲೆ ಮೆಲ್ಪೋಗೆ ಎರಡು ಕೋಣೆ, ಒಂದು ಅಡುಗೆಮನೆ ಎಬ್ಬಿಸಬಹುದು. ಅಷ್ಟು ಸಾಕು. ಸಾಕಪ್ಪಾ.

ಅದೇ ದಿನ, ಸಂಜೆ

ಥೀಮಿಯೋಸ್ ಸಿಹಿ ಡಬ್ಬಿ ಹಿಡ್ಕೊಂಡು ಬಂದ. ಎಷ್ಟೋ ತಿಂಗಳ ಮೇಲೆ ನಗು ಮುಖ.

"ಇವತ್ತು ಲಾಕ್ ತೆಗೆದಿದ್ದು ಯಾರು ಗೊತ್ತಾ? ನಾವು! ಗಿರಣಿಯ ಹಳಬರು. 'ನಮ್ಮೋರೇ ನಂಬದಿದ್ರೆ ಇನ್ಯಾರು ನಂಬ್ತಾರೆ' ಅಂದ್ರು ಸಾಹುಕಾರ್ರು. ಎಲ್ಲರೂ ಒಟ್ಟಿಗೆ ಕೊಂಡ್ವಿ. ಯಾರೋ ಹೆದರುಪುಕ್ಕಲ ರಾಶಿ ರಾಶಿ ಮಾರ್ದ. ಎಲ್ಲಾ ಬಾಚ್ಕೊಂಡೆ."

"ದುಡ್ಡು?"

"ಹೋದ ವಾರ ಈ ಮನೆ ಪತ್ರ ಬ್ಯಾಂಕಲ್ಲಿ ಅಡ ಇಟ್ಟೆ. ನಿಂಗೆ ಗಾಬರಿ ಆಗುತ್ತೆ ಅಂತ ಹೇಳಲಿಲ್ಲ."

ಸಿಹಿ ಬಾಯಿಗಿಟ್ಟ. ನುಂಗಿದೆ.

ಮಾರ್ಚ್ 29, ಬೆಳಿಗ್ಗೆ

ಮತ್ತೆ ಲಾಕ್. ರೇಡಿಯೋಲಿ ಬಂತು. ಅವನು ಕೇಳಿಸ್ಕೊಂಡಿಲ್ಲ, ಬಚ್ಚಲಲ್ಲಿ ಶೇವ್ ಮಾಡ್ತಾ ಹಾಡ್ತಿದಾನೆ.

ಇವತ್ತೇ ಹೇಳ್ಬೇಕು. ಕಾಫಿ ಕೊಟ್ಟು ಹೇಳ್ತೀನಿ. ನಾನು ಮಾರಿ ಬಂದ ದುಡ್ಡು ಬ್ಯಾಂಕಿಗೆ ಕಟ್ಟಿ ಈ ಮನೆ ಬಿಡಿಸ್ಕೊಂಡ್ರೆ... ಮೆಲ್ಪೋಗೆ ಏನೂ ಇಲ್ಲ. ಅವಳಿಗೆ ಅಂತ ಇಟ್ಕೊಂಡ್ರೆ, ಯಾವ ಮಾಳಿಗೆ ಮೇಲೆ ಕಟ್ಟಲಿ?

ಕೂಗ್ತಿದಾನೆ. "ಗರೂಫಲಿಯಾ, ಪೆನ್ನು ಕೈಯಲ್ಲೇ ಇದೆಯಲ್ಲ — ನಿಂದೂ ನಂದೂ ಸೇರಿಸಿ ಈಗ ಎಷ್ಟು ಷೇರಾಯ್ತು, ಲೆಕ್ಕ ಹಾಕಿ ಹೇಳೇ."

ನಂದು: ಸೊನ್ನೆ.