ಬೊಟ್ಟುವಿನ ಮೇಲೆ ಬಂದ ದೂರು

ಮಾರ್ಚ್ 4, ಮಂಗಳವಾರ

ನನ್ನ ಮುದ್ದು ಮಗಳಿಗೆ,

ನಾವಿಬ್ಬರೂ ಎದ್ದು ಓಡಾಡಿಕೊಂಡಿದ್ದೇವೆ. ನೀನೂ ಹೊತ್ತಿಗೆ ಸರಿಯಾಗಿ ಉಂಡು ಮಲಗುತ್ತಿದ್ದೀಯ ಎಂದು ನಂಬಿಕೊಂಡಿದ್ದೇನೆ. ನಿನ್ನ ಕಾಗದ ಬಂದು ಹದಿನಾರು ದಿನವಾಯಿತು, ಉತ್ತರ ಬರಲಿಲ್ಲವೆಂದು ಮುನಿಸಿಕೊಳ್ಳಬೇಡ. ಇವತ್ತು ಬರೆಯೋಣ ಎಂದು ದಿನಾ ಬೆಳಿಗ್ಗೆ ಅಂದುಕೊಳ್ಳುತ್ತೇನೆ. ಅಷ್ಟರಲ್ಲಿ ಮನೆಯ ಯಾವುದಾದರೊಂದು ಮೂಲೆಯಲ್ಲಿ ಒದ್ದೆ ಕಾಣುತ್ತದೆ. ಆಮೇಲೆ ಬಟ್ಟೆ, ಬಕೆಟ್ಟು, ವಿನೆಗರ್ ಬಾಟಲಿ. ಅಲ್ಲಿಗೆ ನನ್ನ ಬೆಳಿಗ್ಗೆ ಮುಗಿಯಿತು.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ನೀನು ವಾರ್ಡಿನಿಂದ ಹೊರಗೆ ಬರುವ ಹೊತ್ತಿಗೆ ನನಗೆ ನಿದ್ದೆ, ನಾನು ಏಳುವ ಹೊತ್ತಿಗೆ ನೀನು ಮತ್ತೆ ವಾರ್ಡಿನಲ್ಲಿ. ಅಲ್ಲದೆ ಕಾಗದವೆಂಬುದು ಈ ಮನೆಗೆ ಅಂಟಿದ ಹಳೆಯ ಚಟ. ಅಪ್ಪ ದೂರದ ರೂಟಿನಲ್ಲಿ ಬಸ್ಸು ಓಡಿಸುತ್ತಿದ್ದ ಕಾಲದಿಂದಲೂ ನಾನು ಯಾರಿಗೆ ಬರೆದರೂ ಕೊನೆಯ ಎರಡು ಸಾಲು ಅವರದ್ದೇ. ಈಗಂತೂ ನಿನ್ನ ಕಾಗದ ಬಂದರೆ ಕನ್ನಡಕ ಏರಿಸಿ, ಪಕ್ಕದ ಮನೆಗೂ ಕೇಳುವಷ್ಟು ಗಟ್ಟಿಯಾಗಿ ಓದುವುದು ಅವರ ಹಕ್ಕು. ನಾನು ಹೊಲಿಗೆ ಮಿಷನ್ನಿನ ಬಾಬಿನ್ನಿಗೆ ನೂಲು ಸುತ್ತುತ್ತಾ ಕೇಳಬೇಕು.

ಸರಿ, ವಿಷಯಕ್ಕೆ ಬರುತ್ತೇನೆ. ವಿಷಯ ಬೊಟ್ಟುವಿನದು.

ನಿನ್ನ ಕ್ವಾರ್ಟರ್ಸಿನಲ್ಲಿ ಪ್ರಾಣಿ ಇಡುವಂತಿಲ್ಲ ಎಂದು ಅದನ್ನು ಬುಟ್ಟಿಯಲ್ಲಿ ತಂದು ಬಿಟ್ಟುಹೋದೆಯಲ್ಲ, ನಾನು ಬೇಡವೆನ್ನಲಿಲ್ಲ. ಒಂದು ಮೊಲವಿರುವ ಕಡೆ ಇನ್ನೊಂದು, ನಮ್ಮ ದೊರೆಸಾನಿಗೂ ಜೊತೆಯಾಯಿತು ಎಂದೇ ಅಂದುಕೊಂಡೆ. ಆದರೆ ದೊರೆಸಾನಿ ಎಂಥ ಮೊಲವೆಂದು ನಿನಗೆ ಗೊತ್ತು. ಮೂರು ವರ್ಷದಲ್ಲಿ ಒಂದು ದಿನವೂ ಟ್ರೇ ಬಿಟ್ಟು ಆಚೆ ಮಾಡಿದವಳಲ್ಲ. ಮೂಲೆಯ ಟ್ರೇಯಲ್ಲಿ ಕೂತು, ಒಂದು ಕಡೆಯಿಂದ ಒಣಹುಲ್ಲು ತಿನ್ನುತ್ತಾ ಇನ್ನೊಂದು ಕಡೆ ತನ್ನ ಕೆಲಸ ಮುಗಿಸಿಕೊಂಡು, ಕಿವಿ ಸವರಿಕೊಂಡು ಬರುತ್ತಿದ್ದಳು. ಬಂದವರಿಗೆಲ್ಲ ತೋರಿಸಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ ನಾನು. ಈಗ ಆ ಜಂಬವೆಲ್ಲ ಇಳಿದುಹೋಗಿದೆ. ಬೊಟ್ಟು ಬಂದ ಮೂರನೇ ದಿನಕ್ಕೆ ದೊರೆಸಾನಿ ಹಜಾರದ ಉದ್ದಕ್ಕೂ ಹಿಕ್ಕೆ ಉದುರಿಸುತ್ತಾ ಹೋದಳು. ಬೊಟ್ಟು ಅವಳಿಗಿಂತ ಒಂದು ಕೈ ಮೇಲು. ಅದು ಉಚ್ಚೆಯನ್ನು ಗೋಡೆಗೆ ಚಿಮ್ಮಿಸುತ್ತದೆ.

ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಹೋಗಿ ಬಂದೆ. ಅವರು ನಕ್ಕುಬಿಟ್ಟರು. "ಇವಳು ಮರೆತಿಲ್ಲಮ್ಮ, ಇದು ನನ್ನ ಜಾಗ ಅಂತ ಗುರುತು ಹಾಕ್ತಿದ್ದಾಳೆ. ಅವನೂ ಅದನ್ನೇ ಮಾಡ್ತಿದ್ದಾನೆ. ಇಬ್ಬರಿಗೂ ಮರಿಯಾಗದ ಹಾಗೆ ಆಪರೇಷನ್ ಆಗ್ಲಿ, ಅಲ್ಲೀತನಕ ಬೇರೆ ಬೇರೆ ಇಡಿ," ಎಂದರು. ಟ್ರೇ ಎರಡು ಇಡಬೇಕಂತೆ. ಒದ್ದೆ ಒರೆಸಿದ ಕಾಗದವನ್ನು ಎಸೆಯದೆ ಟ್ರೇಯಲ್ಲೇ ಹಾಕಬೇಕಂತೆ, ವಾಸನೆ ಹಿಡಿದು ಅಲ್ಲಿಗೇ ಹೋಗುತ್ತವಂತೆ. ಬೈಯಬಾರದಂತೆ, ಬೈದರೆ ಹೆದರಿ ಇನ್ನೂ ಕೆಡುತ್ತವಂತೆ. ಎಲ್ಲವನ್ನೂ ಮಾಡಿದೆ, ಬೈಯುವುದನ್ನು ಬಿಡುವುದೊಂದನ್ನು ಬಿಟ್ಟು. ಹಜಾರದ ನಡುವೆ ತಂತಿಯ ಜಾಲರಿ ಕಟ್ಟಿ, ಆ ಕಡೆ ದೊರೆಸಾನಿ, ಈ ಕಡೆ ಬೊಟ್ಟು.

ಹೋದ ವಾರ ಒಬ್ಬ ಗಿರಾಕಿಯ ಪರದೆ ಬಟ್ಟೆ, ಹೊಲಿದು ಮಡಚಿಟ್ಟಿದ್ದು, ಕೆಳಗಿನ ಮಡಿಕೆಗೆ ಬೊಟ್ಟು ಗುರುತು ಹಾಕಿಬಿಟ್ಟಿದೆ. ಒಣಗಿದ ಮೇಲೆ ಸೀಮೆಸುಣ್ಣ ಬಳಿದ ಹಾಗೆ ಬಿಳಿಯ ಕಲೆ. ಮೂವತ್ತು ವರ್ಷ ಬಟ್ಟೆಯ ಜೊತೆ ಬಾಳಿದವಳು ನಾನು, ಅಂಥ ಕಲೆ ನೋಡಿರಲಿಲ್ಲ. ವಿನೆಗರ್ ಹಚ್ಚಿ ಹಚ್ಚಿ ತೆಗೆದೆ. ಬಟ್ಟೆ ತಲುಪಿಸುವವರೆಗೂ ಜೀವದಲ್ಲಿ ಜೀವವಿರಲಿಲ್ಲ.

ಅದಕ್ಕಿಂತ ದೊಡ್ಡ ತಲೆನೋವು ಅಪ್ಪನ ಕುರ್ಚಿ. ಕಿಟಕಿ ಪಕ್ಕದ ಆ ಒರಗು ಕುರ್ಚಿಯನ್ನೇ ಬೊಟ್ಟು ಗಟ್ಟಿ ಮಾಡಿಕೊಂಡಿದೆ. ವಾರಕ್ಕೆ ಎರಡು ಸಲ, ಮೂರು ಸಲ ಮೆತ್ತೆ ಒದ್ದೆ. ಜಾಲರಿ ಎತ್ತರಿಸಿದೆ, ಕುರ್ಚಿಯ ಜಾಗ ಬದಲಿಸಿದೆ, ಏನೂ ಉಪಯೋಗವಾಗಲಿಲ್ಲ. "ನಾನು ಕಣ್ಣಾರೆ ನೋಡ್ದೆ ಕಣೇ, ಹಾರಿ ಬಂತು, ಮಾಡ್ತು, ಹೋಯ್ತು," ಎನ್ನುತ್ತಾರೆ ಅಪ್ಪ. ಪಾಪ, ನನ್ನ ಬೆನ್ನು ನೋವೆಂದು ಗವಸನ್ನು ತಾವೇ ಬಿಚ್ಚಿ ಒಗೆದು ಹಾಕುತ್ತಾರೆ. ಕುಡಿದ ಲೋಟ ಎತ್ತಿಡದ ಮನುಷ್ಯ ಗವಸು ಒಗೆಯುತ್ತಾರೆಂದರೆ ನೀನೇ ಲೆಕ್ಕ ಹಾಕು.

ಮಗಳೇ, ನನ್ನಿಂದ ಆಗುತ್ತಿಲ್ಲ. ಮಿಷನ್ ತುಳಿಯುತ್ತಿದ್ದರೂ ಒಂದು ಕಣ್ಣು ನೆಲದ ಮೇಲೆಯೇ ಇರುತ್ತದೆ. ಬಾಗಿಲಿಗೆ ಯಾರಾದರೂ ಬಂದರೆ ಮೊದಲು ಮೂಗು ಎಳೆದು ನೋಡುತ್ತೇನೆ, ವಾಸನೆ ಬರುತ್ತಿದೆಯೇ ಎಂದು. ನಿನ್ನ ವಾರ್ಡಿನ ಹಿರಿಯ ನರ್ಸಕ್ಕನಿಗೆ ಹಿತ್ತಲಿದೆ, ಮೊಲವೆಂದರೆ ಪ್ರಾಣ ಎಂದು ನೀನೇ ಬರೆದಿದ್ದೆಯಲ್ಲ. ಅವರನ್ನು ಕೇಳಿ ನೋಡು. ಬೊಟ್ಟು ಅಲ್ಲಿ ಸುಖವಾಗಿರಲಿ. ಆಪರೇಷನ್ ಹದಿನಾಲ್ಕನೇ ತಾರೀಕಿಗೆ ನಿಗದಿಯಾಗಿದೆ, ಅದನ್ನು ಮಾಡಿಸಿಯೇ ಕಳಿಸುತ್ತೇನೆ.

ನಿನ್ನ ಆರೋಗ್ಯ ನೋಡಿಕೋ. ರಾತ್ರಿ ಪಾಳಿಯಲ್ಲಿ ಬರೀ ಬಿಸ್ಕತ್ತು ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ.

ನಿನ್ನ ಒಳ್ಳೆಯದನ್ನೇ ಬಯಸುವ
ಅಮ್ಮ

ಮಗಳೇ, ಅಮ್ಮನ ಮಾತು ಕೇಳಿ ಅವಸರ ಮಾಡಬೇಡ. ಬೊಟ್ಟು ಇನ್ನೂ ಚಿಕ್ಕದು, ಇರಲಿ. ತಪ್ಪೆಲ್ಲ ಅದರದ್ದೇ ಅಲ್ಲ. – ಅಪ್ಪ


ಮಾರ್ಚ್ 19, ಬುಧವಾರ

ಮುದ್ದು ಮಗಳೇ,

ಈ ಸಲ ಬೇಗ ಬರೆಯುತ್ತಿದ್ದೇನೆ, ನನ್ನನ್ನು ಹೊಗಳು. ನಿನ್ನ ಕಾಗದ ಶನಿವಾರ ಬೆಳಿಗ್ಗೆ ಬಂತು. ಅಪ್ಪ ಓದಿ ಹೇಳಿದರು. ನರ್ಸಕ್ಕ ಒಪ್ಪಿದ್ದಾರೆ, ಇಪ್ಪತ್ತಮೂರರ ಭಾನುವಾರ ಬುಟ್ಟಿ ಹಿಡಿದುಕೊಂಡು ಬರುತ್ತೇನೆ ಎಂದಿದ್ದೀಯ. ನನ್ನ ಮಾತಿಗೆ ಅಷ್ಟು ಬೇಗ ಏರ್ಪಾಡು ಮಾಡಿದೆಯಲ್ಲ, ಖುಷಿಯೂ ಆಯಿತು, ನಾಚಿಕೆಯೂ ಆಯಿತು.

ಈಗ ನಾನು ಹೇಳುವುದನ್ನು ಕೇಳಿ ತಲೆ ಚಚ್ಚಿಕೊಳ್ಳಬೇಡ. ಬೊಟ್ಟು ಇಲ್ಲೇ ಇರಲಿ.

ಆಪರೇಷನ್ ಇಬ್ಬರಿಗೂ ಚೆನ್ನಾಗಿ ಆಯಿತು. ಡಾಕ್ಟರಮ್ಮ ಶುಕ್ರವಾರ ಬೆಳಿಗ್ಗೆಯಿಂದ ಭಾನುವಾರದವರೆಗೆ ಎರಡನ್ನೂ ಅಲ್ಲೇ ಇಟ್ಟುಕೊಂಡು, ತಿನ್ನತೊಡಗಿದ ಮೇಲೆ ಕಳಿಸಿದರು. ಈ ಗುರುತು ಹಾಕುವ ಹುಚ್ಚು ಒಂದೇ ಸಲಕ್ಕೆ ಹೋಗುವುದಿಲ್ಲವಂತೆ. "ಆರು ವಾರ ತಾಳಿಕೊಳ್ಳಿ, ಮೈಯಲ್ಲಿರೋ ಹಾರ್ಮೋನು ಇಳೀಬೇಕಲ್ಲ," ಎಂದರು. ಗೋಡೆಗೆ ಚಿಮ್ಮಿಸುವುದು ಈಗಲೇ ಕಡಿಮೆಯಾಗಿದೆ. ದೊರೆಸಾನಿ ನಿನ್ನೆ ಟ್ರೇಗೆ ತಾನಾಗಿ ಹೋದಳು, ನಾನು ಕಣ್ತುಂಬ ನೋಡಿದೆ. ಜಾಲರಿಯ ಎರಡೂ ಕಡೆ ಇಬ್ಬರೂ ಮೂಗು ತಾಗಿಸಿ ಮಲಗುತ್ತಾರೆ. ಇಂಥದ್ದರಲ್ಲಿ ಕಳಿಸಿದರೆ ದೊರೆಸಾನಿ ಊಟ ಬಿಟ್ಟಾಳು. ಕುರ್ಚಿಯ ಕಡೆ ಬೊಟ್ಟು ಇನ್ನೂ ಒಮ್ಮೊಮ್ಮೆ ಬರುತ್ತದೆ, ನಾನು ಅದಕ್ಕೊಂದು ಉಪಾಯ ಮಾಡಿದ್ದೇನೆ, ಬಿಡು.

ನರ್ಸಕ್ಕನಿಗೆ ನನ್ನ ಪರವಾಗಿ ಕ್ಷಮೆ ಕೇಳು. ಮುದುಕಿಗೆ ಮನಸ್ಸು ನಿಲ್ಲುವುದಿಲ್ಲ ಎಂದು ಹೇಳು, ನಂಬುತ್ತಾರೆ. ಅವರಿಗೆ ಎರಡು ದಿಂಬಿನ ಗವಸು ಹೊಲಿದಿಟ್ಟಿದ್ದೇನೆ.

ನಿನ್ನ ಕೈಗೆ ಸಿಕ್ಕ ರೋಗಿಗಳೆಲ್ಲ ಬೇಗ ಗುಣವಾಗಿ ಮನೆ ಸೇರಲಿ, ನೀನು ನಗುನಗುತ್ತಿರು.

ನಿನ್ನ
ಅಮ್ಮ

ನಿನ್ನಮ್ಮ ಕೊನೆಗೂ ಒಪ್ಪಿದಳು. ಬೊಟ್ಟುವಿನ ಪರವಾಗಿ ಅವಳಿಗೆ ನೀನೂ ಒಂದು ಥ್ಯಾಂಕ್ಸ್ ಹೇಳು. – ಅಪ್ಪ

ಮರೆತ ಮಾತು:

ಮರೆತದ್ದಲ್ಲ, ಮುಚ್ಚಿಟ್ಟದ್ದು. ಅಪ್ಪ ತಮ್ಮ ಎರಡು ಸಾಲು ಬರೆದು ಅಂಗಡಿಗೆ ಹೋದರು. ಲಕೋಟೆ ಅಂಟಿಸುವ ಮೊದಲು ಈ ಹಾಳೆ ಸೇರಿಸುತ್ತಿದ್ದೇನೆ. ಓದಿ ಹರಿದುಬಿಡು.

ಶನಿವಾರ ಮಧ್ಯಾಹ್ನ ಮನೆಯಲ್ಲಿ ಮೊಲಗಳಿರಲಿಲ್ಲ. ನಾನು ಗುಂಡಿ ತರಲು ಹೋಗಿದ್ದೆ, ಅಪ್ಪ ಕುರ್ಚಿಯಲ್ಲಿ ಒರಗಿ ನಿದ್ದೆ ಮಾಡುತ್ತಿದ್ದರು. ತಿರುಗಿ ಬಂದಾಗ ಹಗ್ಗದ ಮೇಲೆ ಗವಸು ಒಣಗುತ್ತಿತ್ತು. ಅಪ್ಪ ಬೇರೆ ಪಂಚೆ ಉಟ್ಟು ಹೊಸ್ತಿಲಲ್ಲಿ ಕೂತಿದ್ದರು. ನಾನು ಏನನ್ನೂ ಯೋಚಿಸದೆ ಕೇಳಿಬಿಟ್ಟೆ.

"ಏನ್ರೀ, ಇವತ್ತೂ ಒಗೆದ್ರಾ?"

"ಹೂಂ ಕಣೇ, ಆ ಬೊಟ್ಟು…"

ಅಷ್ಟಕ್ಕೇ ನಿಂತರು. ಇಬ್ಬರೂ ಒಟ್ಟಿಗೆ ಜಾಲರಿಯ ಕಡೆ ನೋಡಿದೆವು. ಬೊಟ್ಟುವಿನ ಟ್ರೇಯಲ್ಲಿ ಹೊಸದಾಗಿ ಹಾಕಿದ ಹುಲ್ಲು ಹಾಗೇ ಇತ್ತು. ಅಪ್ಪನ ಮುಖ ನೋಡಲಾಗಲಿಲ್ಲ ನನಗೆ. ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು, ಪ್ರಯಾಣಿಕರನ್ನು ನಡುದಾರಿಯಲ್ಲಿ ಕಾಯಿಸಬಾರದೆಂದು ನಿಲ್ದಾಣ ಬರುವವರೆಗೆ ತಡೆದು ಕೂರುತ್ತಿದ್ದವರು. ಅದೇ ಅವರ ಹೆಮ್ಮೆಯಾಗಿತ್ತು. ಪಂಚೆಯ ಅಂಚು ಸರಿಮಾಡಿಕೊಳ್ಳುತ್ತಾ ಅವರೇ, "ಹಳೇ ವಾಸನೆ ಇತ್ತು, ಅದಕ್ಕೇ ಒಗೆದೆ," ಎಂದರು.

"ಹೌದ್ರೀ, ಮೊಲದ ವಾಸನೆ ಒಂದ್ಸಲಕ್ಕೆ ಹೋಗಲ್ಲ," ಎಂದೆ. ಒಳಗೆ ಹೋಗಿ ಮೆತ್ತೆ ಮುಟ್ಟಿದೆ. ಸ್ಪಂಜು ಒದ್ದೆಯಾಗಿತ್ತು. ಸಂಜೆ ಒಣಗಿದ ಮೇಲೆ ಮತ್ತೆ ನೋಡಿದೆ, ಬಿಳಿಯ ಕಲೆ ಎಲ್ಲೂ ಇಲ್ಲ. ಊರವರ ಬಟ್ಟೆಯ ಕಲೆ ನೋಡಿ ಜಾತಕ ಹೇಳುವವಳು ನಾನು, ನನ್ನ ಗಂಡನ ಕುರ್ಚಿಯ ಮೆತ್ತೆಯನ್ನು ಒಂದು ಸಲವಾದರೂ ತಿರುಗಿಸಿ ನೋಡಿರಲಿಲ್ಲ.

ಆಮೇಲೆ ಒಂದೊಂದಾಗಿ ಹೊಳೆಯತೊಡಗಿತು. ಎರಡು ತಿಂಗಳಿಂದ ಮಧ್ಯಾಹ್ನದ ಚಹಾ ಬೇಡವೆನ್ನುತ್ತಿದ್ದಾರೆ, ಬಾಯಾರಿದರೂ ಅರ್ಧ ಲೋಟವೇ. ಡಿಪೋದ ಹಳೆಯ ಗೆಳೆಯರು ಇಸ್ಪೀಟಿಗೆ ಕರೆದರೆ ಮಂಡಿನೋವು ಎನ್ನುತ್ತಾರೆ. ನಾನು ಮಂಡಿಗೆ ಎಣ್ಣೆ ಕಾಯಿಸಿ ಕೊಟ್ಟೆ.

ನಿನಗೆ ಬರೆಯದ ಇನ್ನೊಂದು ಮಾತಿದೆ. ಹೋದ ತಿಂಗಳು ಒಂದು ದಿನ ಆ ಕುರ್ಚಿ ಒದ್ದೆಯಾಗಿತ್ತು. ರೋಸಿಹೋಗಿ ಬೊಟ್ಟುವನ್ನು ಎತ್ತಿ ಹಿಡಿದು, ಅಪ್ಪನ ಎದುರಿಗೇ ಕೂಗಾಡಿದೆ. "ಎಲ್ಲಿ ಮಾಡ್ಬೇಕು ಅಂತ ಗೊತ್ತಿಲ್ಲದವರನ್ನ ಈ ಮನೇಲಿ ಇಟ್ಕೊಳ್ಳೋಕಾಗಲ್ಲ, ಹೊರಗೆ ಹಾಕ್ತೀನಿ, ನಾರ್ತಾ ಇದೆ ಮನೆ!" ಎಂದೆ. ಅಪ್ಪ ನಕ್ಕರು. "ಬಿಡೇ, ಬುದ್ಧಿ ಇಲ್ಲದ್ದು," ಎಂದು ಬೊಟ್ಟುವನ್ನು ನನ್ನ ಕೈಯಿಂದ ಇಸಿದುಕೊಂಡು ತೊಡೆಯ ಮೇಲೆ ಕೂರಿಸಿಕೊಂಡರು. ಆ ನಗು ಈಗ ನೆನಪಾದರೆ ಮಿಷನ್ ನಿಲ್ಲಿಸಿ ಎದ್ದುಬಿಡುತ್ತೇನೆ. ಮೂವತ್ತನಾಲ್ಕು ವರ್ಷ ಜೊತೆಗಿದ್ದು, ಹೇಳಿಕೊಳ್ಳಲು ಅವರಿಗೆ ನಾನು ಸಿಗಲಿಲ್ಲ. ಮರೆಯಾಗಿ ನಿಲ್ಲಲು ಒಂದು ಮೊಲ ಸಿಕ್ಕಿತು. ಅದನ್ನೂ ನಾನು ಮನೆ ಬಿಟ್ಟು ಕಳಿಸಲು ಹೊರಟಿದ್ದೆ.

ಇವತ್ತು ಬೆಳಿಗ್ಗೆ ನೀರಿಳಿಯದ ಬಟ್ಟೆ ತಂದು ಎರಡು ಒಳಗವಸು ಹೊಲಿದೆ, ಅವರ ಕುರ್ಚಿಗೊಂದು, ನನ್ನದಕ್ಕೊಂದು. "ನಿಂಗ್ಯಾಕೆ?" ಎಂದು ಕೇಳಿದರು. "ಬೊಟ್ಟುಗೆ ಇದು ಯಾರ ಕುರ್ಚಿ ಅಂತ ಏನು ಗೊತ್ತಾಗತ್ತೆ? ನಾಳೆ ನಂದಕ್ಕೂ ಹತ್ತಬಹುದು," ಎಂದೆ. ಅವರು ನನ್ನನ್ನೇ ನೋಡುತ್ತಿದ್ದರು. ನನಗೆ ಗೊತ್ತೆಂದು ಅವರಿಗೆ ಗೊತ್ತಾಯಿತೋ ಏನೋ. ಚಹಾ ಮಾಡಲಾ ಎಂದೆ. ಮಾಡು ಎಂದರು.

ಆದರೆ ಮಗಳೇ, ಗವಸು ಹೊಲಿದರೆ ಕಾಯಿಲೆ ನಿಲ್ಲುತ್ತದೆಯೇ? ನೀನು ದಿನಾ ಇಂಥದ್ದನ್ನು ನೋಡುವವಳು. ಇದು ವಯಸ್ಸೋ, ಸಕ್ಕರೆಯೋ, ಇನ್ನೇನಾದರೂ ಕೆಟ್ಟದ್ದೋ? ಔಷಧಿ ಇದೆಯೇ? ನಿಮ್ಮ ಡಾಕ್ಟರನ್ನು ಕೇಳು. ಭಾನುವಾರ ಬಾ, ಬುಟ್ಟಿ ಬೇಡ. ಅಪ್ಪನ ಜೊತೆ ಒಬ್ಬಳೇ ಒಂದು ಸುತ್ತು ನಡೆದು ಬಾ. ಹೆಂಡತಿಗೆ ಹೇಳಲಾಗದ್ದನ್ನು ನರ್ಸಿಗೆ ಹೇಳಬಹುದು.

ಮತ್ತೆ, ಅದಕ್ಕೂ ಮೊದಲು ಕಾಗದ ಬರೆದರೆ, ತಮಾಷೆಗೂ ಬೊಟ್ಟುವನ್ನು ಬೈದು ಬರೆಯಬೇಡ. ಗಟ್ಟಿಯಾಗಿ ಓದಬೇಕಾದವರು ಅಪ್ಪ.